ದವಡೆಯ ಕೆಳಗೊಂದು ಗರಡಿಮನೆ

"ಈ ಸಲ ಆರೋಗ್ಯದ ಬಗ್ಗೆ ಏನಾದರೂ ಬರೆದುಕೊಡಿ" ಎಂದು ಸಂಪಾದಕರು ಕೇಳಿದಾಗ ನಕ್ಕುಬಿಟ್ಟೆ. ನಾನು ಡಾಕ್ಟರಲ್ಲ, ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂರುವವನು. ಆದರೆ ಕಳೆದ ಚಳಿಗಾಲದ ನನ್ನ ಅನುಭವ ನಾಲ್ಕು ಜನರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಒಂದು ಬೆಳಿಗ್ಗೆ ಶೇವ್ ಮಾಡುವಾಗ ಬಲದವಡೆಯ ಕೆಳಗೆ ಗೋಲಿಯಂಥ ಗಂಟೊಂದು ಕೈಗೆ ಸಿಕ್ಕಿತು. ನೋವಿರಲಿಲ್ಲ. ಚಿಕ್ಕಂದಿನಲ್ಲಿ ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿಯಲ್ಲಿ ಗಂಟೇಳುತ್ತಿತ್ತು, ಗಾಯ ಮಾಗಿದಂತೆ ಅದೂ ಇಳಿಯುತ್ತಿತ್ತು. ಇದೂ ಹಾಗೇ ಎಂದು ಸುಮ್ಮನಿದ್ದೆ. ಆರು ವಾರವಾದರೂ ಇಳಿಯಲಿಲ್ಲ. ನಮ್ಮ ಚಿಕ್ಕಪ್ಪ ತೀರಿಕೊಂಡದ್ದು ಲಿಂಫೋಮಾದಿಂದ, ಅದೂ ಕತ್ತಿನ ಗಂಟಾಗಿಯೇ ಶುರುವಾಗಿತ್ತು. ಹೆಂಡತಿಗೂ ಹೇಳದೆ ಡಾಕ್ಟರ ಬಳಿ ಹೋದೆ. ಅಲ್ಟ್ರಾಸೌಂಡ್‌ನಲ್ಲಿ ಗಂಟು ಎರಡು ಸೆಂಟಿಮೀಟರ್ ದಾಟಿತ್ತು. ಇಡಿಯಾಗಿ ತೆಗೆದು ಬಯಾಪ್ಸಿಗೆ ಕಳಿಸೋಣ ಎಂದರು. ಆಗ ಮನೆಯಲ್ಲಿ ಹೇಳಲೇಬೇಕಾಯಿತು. "ಇಷ್ಟು ದಿನ ಒಬ್ಬರೇ ಇಟ್ಕೊಂಡು ಕೂತಿದ್ರಾ?" ಎಂದವಳು ಎರಡು ದಿನ ಮಾತಾಡಲಿಲ್ಲ.

ಈ ಅಮೆರಿಕದಲ್ಲಿ ೨೦೨೧ರಿಂದ ರಿಪೋರ್ಟು ಡಾಕ್ಟರು ನೋಡುವ ಮೊದಲೇ ನಮ್ಮ ಫೋನಿಗೆ ಬಂದು ಬೀಳುತ್ತದಲ್ಲ! ಶುಕ್ರವಾರ ಸಂಜೆ ಬಂತು: "ರಿಯಾಕ್ಟಿವ್ ಫಾಲಿಕ್ಯುಲರ್ ಹೈಪರ್‌ಪ್ಲೇಸಿಯಾ". ಗೂಗಲ್‌ನಲ್ಲಿ "ಫಾಲಿಕ್ಯುಲರ್" ಎಂದು ಹುಡುಕಿದರೆ ಮೊದಲು ಕಂಡದ್ದು "ಫಾಲಿಕ್ಯುಲರ್ ಲಿಂಫೋಮಾ". ಕೈಕಾಲು ತಣ್ಣಗಾದವು. ಸೋಮವಾರದವರೆಗೆ ಡಾಕ್ಟರು ಸಿಗುವಂತಿರಲಿಲ್ಲ.

ನಮ್ಮ ಸಂಘದಲ್ಲೇ ಒಬ್ಬರು ಪೆಥಾಲಜಿಸ್ಟ್ ಇದ್ದಾರೆ, ಮೈಸೂರಿನವರು, ನಮಗೆಲ್ಲ ಅಕ್ಕ. ಫೋನಿನಲ್ಲಿ ಓದಿ ಹೇಳಿದೆ. "ರಿಯಾಕ್ಟಿವ್ ಅಂತಿದೆಯಲ್ಲಪ್ಪಾ! ಮೊದಲು ಊಟ ಮಾಡು, ನಾಳೆ ಬರ್ತೀನಿ" ಎಂದರು.

ಮಾರನೇ ದಿನ ಕಾಫಿ ಕುಡಿಯುತ್ತಾ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಮೈಯಲ್ಲಿ ಇಂಥ ದುಗ್ಧಗ್ರಂಥಿಗಳು ಸುಮಾರು ೬೦೦ ಇವೆಯಂತೆ. ಪ್ರತಿಯೊಂದರ ಹೊರಭಾಗದಲ್ಲಿ ಬಿ ಕೋಶಗಳು ದುಂಡಗೆ ಗುಂಪುಗೂಡಿರುತ್ತವೆ, ಆ ಗುಂಪೇ ಫಾಲಿಕಲ್. ರೋಗಾಣುವಿನ ಸುದ್ದಿ ಬಂದು ಸುಮಾರು ಒಂದು ವಾರದಲ್ಲಿ ಅದರ ನಡುವೆ ಜರ್ಮಿನಲ್ ಸೆಂಟರ್ ಏಳುತ್ತದೆ. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ೧೮೮೫ರಲ್ಲೇ ಇದನ್ನು ವಿವರಿಸಿದ್ದ.

"ನಮ್ಮ ಮೈಸೂರಿನ ಗರಡಿಮನೆ ಅಂದ್ಕೋ" ಎಂದರು ಅಕ್ಕ. ಅದರ ಕತ್ತಲೆಯ ಭಾಗದಲ್ಲಿ ಬಿ ಕೋಶಗಳು ಆರರಿಂದ ಹನ್ನೆರಡು ಗಂಟೆಗೊಮ್ಮೆ ಎರಡಾಗುತ್ತಾ, ತಮ್ಮ ಪ್ರತಿಕಾಯದ ಜೀನನ್ನು ಚೂರುಪಾರು ಬದಲಿಸಿಕೊಳ್ಳುತ್ತವೆ. ಬೆಳಕಿನ ಭಾಗವೇ ಕುಸ್ತಿಯ ಅಖಾಡ. ಅಲ್ಲಿ ಡೆಂಡ್ರಿಟಿಕ್ ಕೋಶಗಳು ರೋಗಾಣುವಿನ ತುಣುಕುಗಳನ್ನು ಹಿಡಿದು ನಿಂತಿರುತ್ತವೆ. ಪಟ್ಟು ಚೆನ್ನಾಗಿ ಹಾಕಿದ ಬಿ ಕೋಶಕ್ಕೆ ಉಸ್ತಾದನಂಥ ಟಿ ಕೋಶ ಬೆನ್ನು ತಟ್ಟುತ್ತದೆ. ಸೋತವು ಅಲ್ಲೇ ಸಾಯುತ್ತವೆ, ಅವನ್ನು ಮ್ಯಾಕ್ರೋಫೇಜ್‌ಗಳು ನುಂಗಿ ಜಾಗ ಚೊಕ್ಕಟ ಮಾಡುತ್ತವೆ. ಗೆದ್ದವು ಮತ್ತೊಂದು ಸುತ್ತಿಗೆ ಹೋಗುತ್ತವೆ, ಇಲ್ಲವೇ ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳಾಗಿಯೋ ರೋಗವನ್ನು ನೆನಪಿಡುವ ಕೋಶಗಳಾಗಿಯೋ ಹೊರಬೀಳುತ್ತವೆ. ಹೀಗೆ ಗರಡಿಗಳು ಹೆಚ್ಚಿ ದೊಡ್ಡದಾಗುವುದೇ ಹೈಪರ್‌ಪ್ಲೇಸಿಯಾ.

"ಹಾಗಾದರೆ ಕ್ಯಾನ್ಸರ್ ಅಲ್ಲ ಅಂತ ಹೇಗೆ ಗೊತ್ತಾಗುತ್ತೆ ಅಕ್ಕಾ?" ಎಂದೆ. ರಿಯಾಕ್ಟಿವ್ ಗ್ರಂಥಿಯಲ್ಲಿ ಫಾಲಿಕಲ್‌ಗಳು ಒಂದು ದೊಡ್ಡದು ಒಂದು ಚಿಕ್ಕದು ಇರುತ್ತವೆ. ಕತ್ತಲೆ-ಬೆಳಕಿನ ಭಾಗ ಸ್ಪಷ್ಟವಾಗಿರುತ್ತದೆ, ಮ್ಯಾಕ್ರೋಫೇಜ್‌ಗಳು ಹೇರಳ. ಫಾಲಿಕ್ಯುಲರ್ ಲಿಂಫೋಮಾದಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಅಚ್ಚು, ಒತ್ತೊತ್ತಾಗಿ; ಕತ್ತಲೆ-ಬೆಳಕಿನ ವ್ಯತ್ಯಾಸ ಅಳಿಸಿರುತ್ತದೆ. ಈ ಇಡೀ ನಕ್ಷೆ ಕಾಣಬೇಕೆಂದೇ ಸೂಜಿಯಲ್ಲಿ ಚೂರು ತೆಗೆಯದೆ ಪೂರ್ತಿ ಗಂಟು ತೆಗೆದದ್ದು. ಇನ್ನೊಂದು ಗುರುತು ಬಿಸಿಎಲ್-೨ ಎಂಬ ಪ್ರೋಟೀನು, ಕೋಶವನ್ನು ಸಾಯಗೊಡದ ಪ್ರೋಟೀನು. ಆರೋಗ್ಯವಾದ ಗರಡಿಯಲ್ಲಿ ಬಿ ಕೋಶಗಳು ಅದನ್ನು ಆರಿಸಿಟ್ಟಿರುತ್ತವೆ. ಲಿಂಫೋಮಾದಲ್ಲಿ ಸಾಮಾನ್ಯವಾಗಿ ೧೪ ಮತ್ತು ೧೮ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ ಅದು ಸದಾ ಉರಿಯುತ್ತಿರುತ್ತದೆ. "ಸೋತವನು ಅಖಾಡ ಬಿಟ್ಟು ಏಳದೇ ಇದ್ದರೆ ಅದೇ ರೋಗ" ಎಂದರು ಅಕ್ಕ. ನನ್ನ ರಿಪೋರ್ಟಿನಲ್ಲಿ ಬಿಸಿಎಲ್-೨ "ನೆಗೆಟಿವ್" ಎಂದಿತ್ತು. ಆ ಸಾಲನ್ನು ನಾನು ಓದಿಯೇ ಇರಲಿಲ್ಲ!

೨೦೨೧ರಲ್ಲಿ ಕೋವಿಡ್ ಲಸಿಕೆಯ ನಂತರ ಹಲವರಿಗೆ ಕಂಕುಳಲ್ಲಿ ಗಂಟೆದ್ದದ್ದು ನೆನಪಿದೆಯೇ? ಅದೂ ಇದೇ ಕಸರತ್ತು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಆ ವರ್ಷ ಪರೀಕ್ಷಿಸಿದಾಗ, ಈ ಗರಡಿಗಳು ಕನಿಷ್ಠ ೧೨ ವಾರ ನಡೆದದ್ದು ಕಂಡುಬಂತು.

ಹಾಗಾದರೆ ನನ್ನದಕ್ಕೆ ಕಾರಣ? "ಬಲಗಡೆ ಹಲ್ಲೇನಾದರೂ ಕೆಟ್ಟಿದೆಯಾ?" ಎಂದರು ಅಕ್ಕ. ಹೆಂಡತಿ ನನ್ನ ಮುಖ ನೋಡಿದಳು. ವರ್ಷದಿಂದ ಹುಳುಕಾಗಿದ್ದ ದವಡೆಹಲ್ಲನ್ನು "ಇಂಡಿಯಾ ಟ್ರಿಪ್‌ನಲ್ಲಿ ನೋಡೋಣ, ಇಲ್ಲಿ ದುಬಾರಿ" ಎಂದು ಮುಂದೂಡುತ್ತಿದ್ದೆ! ಎಕ್ಸ್‌ರೇಯಲ್ಲಿ ಬೇರಿನ ತುದಿಯಲ್ಲಿ ಕೀವು ಕಂಡಿತು. ನಾನು ಕೈಬಿಟ್ಟ ಹಲ್ಲಿಗಾಗಿ ಆ ಬಡಪಾಯಿ ಗ್ರಂಥಿ ಹಗಲೂರಾತ್ರಿ ದುಡಿಯುತ್ತಿತ್ತು.

ಬಂಧುಗಳೇ, ಗಂಟು ಕಂಡ ಕೂಡಲೇ ಹೆದರಬೇಡಿ, ಮುಚ್ಚಿಡಲೂಬೇಡಿ. ಮೂರು-ನಾಲ್ಕು ವಾರದಲ್ಲಿ ಇಳಿಯದಿದ್ದರೆ, ಕಲ್ಲಿನಂತೆ ಗಟ್ಟಿಯಾಗಿದ್ದರೆ, ಬೆಳೆಯುತ್ತಿದ್ದರೆ, ಕೊರಳೆಲುಬಿನ ಮೇಲೆದ್ದರೆ, ಜೊತೆಗೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ ಡಾಕ್ಟರಿಗೆ ತೋರಿಸಿ. ಊರಿನಿಂದ ಬಂದ ಅಪ್ಪ-ಅಮ್ಮನಿಗಾದರೆ ಕ್ಷಯದ ಬಗ್ಗೆಯೂ ಕೇಳಿ, ನಮ್ಮ ಕಡೆ ಕತ್ತಿನ ಗಂಟಿಗೆ ಅದೂ ದೊಡ್ಡ ಕಾರಣ. ರಿಪೋರ್ಟು ಬಂದರೆ ಒಂದು ಪದ ಹಿಡಿದು ಗೂಗಲ್ ಮಾಡದೆ ಪೂರ್ತಿ ಓದಿ, ತಿಳಿದವರನ್ನು ಕೇಳಿ.

ಮತ್ತೆ, ಮನೆಯವರಿಗೆ ಮೊದಲ ದಿನವೇ ಹೇಳಿ. ಆ ಎರಡು ದಿನದ ಮೌನ ಬಯಾಪ್ಸಿಗಿಂತ ಕಷ್ಟವಾಗಿತ್ತು!