ಕಾವಲಲ್ಲಿ ಹುಲ್ಲಿದೆ, ನೀರೆಲ್ಲಿ ಸ್ವಾಮಿ?

ಚಳ್ಳಕೆರೆ: ಬೇಸಿಗೆಯ ದಿನ ಹೊತ್ತು ನೆತ್ತಿಗೆ ಬರುವ ಮುಂಚೆಯೇ ಕಾವಲಿನ ದನಗಳು ಮೇಯೋದು ನಿಲ್ಲಿಸಿ ತಲೆ ಎತ್ತುತ್ತವೆ. ಹೊಟ್ಟೆ ತುಂಬಿತು ಅಂತಲ್ಲ, ನಾಲಿಗೆ ಒಣಗಿತು ಅಂತ. ಮುಂದಿನ ಹಸು ಊರಿನ ಕಡೆ ಒಂದು ಹೆಜ್ಜೆ ಇಟ್ಟಿತೆಂದರೆ ಮುಗೀತು, ಇಡೀ ಮಂದೆ ಅದರ ಹಿಂದೆ. ದನ ಕಾಯುವ ಹುಡುಗ ಕೋಲು ಅಡ್ಡ ಹಿಡಿದರೂ ನಿಲ್ಲೋದಿಲ್ಲ. ಎರಡು ಮೂರು ಮೈಲಿ ನಡೆದು, ಊರ ಮುಂದಿನ ತೊಟ್ಟೀಲಿ ಇದ್ದರೆ ಕುಡಿದು, ಇಲ್ಲದಿದ್ದರೆ ಅದರ ಪಾಚಿ ನೆಕ್ಕಿ, ತಿರುಗಿ ಹುಲ್ಲಿನ ಹತ್ತಿರ ಹೋಗೋ ಹೊತ್ತಿಗೆ ದೊಡ್ಡಿಗೆ ಹೊಡೆಯುವ ಸಮಯ ಆಗಿರುತ್ತದೆ. ಬೆಳಗಿನಿಂದ ತಿಂದದ್ದೆಲ್ಲ ಕಾಲಿಗೇ ಖರ್ಚು. ಸಂಜೆ ಕೆಚ್ಚಲು ಹಿಡಿದ ಮನೆಯಾಕೆ ‘ಇವತ್ತೂ ಇಷ್ಟೇನಾ?’ ಅಂತ ಹಸುವನ್ನೇ ಬಯ್ಯುತ್ತಾಳೆ!

ಹಸು ಏನು ಮಾಡೀತು? ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಒಂದು ಲೀಟರು ಹಾಲಿಗೆ ನಾಲ್ಕೈದು ಲೀಟರು ನೀರು ಒಳಗೆ ಹೋಗಬೇಕು. ಬಿಸಿಲು ಕಾಲದಲ್ಲಿ ದೊಡ್ಡ ದನವೊಂದಕ್ಕೆ ದಿನಕ್ಕೆ 50 ಲೀಟರು ಅಂತ ಹಿಡಿದರೂ ನೂರು ದನದ ಮಂದೆಗೆ 5,000 ಲೀಟರು ಬೇಕು. ಮನೆ ಮೇಲೆ ಕೂರುತ್ತದಲ್ಲ ಸಾವಿರ ಲೀಟರಿನ ಕಪ್ಪು ಟ್ಯಾಂಕು, ಅಂಥವು ಐದು. ಕುರಿ ಮೇಕೆಗೆ ತಲಾ ಐದಾರು ಲೀಟರು ಸಾಕೆನ್ನಬಹುದು. ಆದರೆ ಈ ತಾಲ್ಲೂಕಿನಲ್ಲಿ ಕುರಿ ಹತ್ತಿಪ್ಪತ್ತರ ಲೆಕ್ಕದಲ್ಲಿ ಸಿಗೋದಿಲ್ಲ, ಹಿಂಡಿನ ಲೆಕ್ಕದಲ್ಲೇ ಸಿಗೋದು.

ಬರ ಬಂದಾಗ ನಡೆಯುವ ಮೀಟಿಂಗುಗಳನ್ನೇ ನೋಡಿ. 2023ರಲ್ಲಿ ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಯ್ತು. ಮೇವಿನ ದಾಸ್ತಾನು ಎಷ್ಟು ವಾರಕ್ಕಿದೆ ಅನ್ನೋದು ಒಂದು ಪಟ್ಟಿ, ಯಾವ ಊರಿಗೆ ಟ್ಯಾಂಕರು ಅನ್ನೋದು ಇನ್ನೊಂದು. ಕೊಟ್ಟಿಗೆ ದನ ಮೊದಲ ಪಟ್ಟೀಲಿ ಬಂತು, ಮನುಷ್ಯ ಎರಡನೆಯದರಲ್ಲಿ ಬಂದ. ಊರಾಚೆ ಮೇಯುವ ದನ ಯಾವ ಪಟ್ಟೀಲೂ ಸರಿಯಾಗಿ ಕೂರೋದಿಲ್ಲ. ಗೋಮಾಳದ ನಿಯಮವೂ ಹಾಗೇ. ನೂರು ದನಕ್ಕೆ 12 ಹೆಕ್ಟೇರು, ಅಂದರೆ 30 ಎಕರೆಯಷ್ಟು ಬಿಡಬೇಕು ಅಂತ ಕಂದಾಯ ನಿಯಮ ಹೇಳುತ್ತದೆ. ಆ ಎಣಿಕೆ ನೆಲದ್ದು, ನೀರಿನದಲ್ಲ.

ಹಿಂದಿನವರು ಹಾಗಿರಲಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ತೋಪು ಎಳೆಯುವ ಎತ್ತುಗಳಿಗಾಗಿ ಲಕ್ಷಗಟ್ಟಲೆ ಎಕರೆ ಹುಲ್ಲುಗಾವಲು ಕಾದಿಟ್ಟಿದ್ದರು. ಮೈಸೂರು ಸೀಮೆಯ ಹಳೇ ಗೆಜೆಟಿಯರ್ ತೆಗೆದು ನೋಡಿದರೆ ಈ ಕಾವಲುಗಳನ್ನ ಮೂರು ಬಗೆ ಮಾಡಿದ್ದು ಕಾಣುತ್ತದೆ: ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೇದು. ಬೇಸಿಗೆ ಕಾವಲು ಅಂದರೆ ಹೆಚ್ಚಾಗಿ ಕೆರೆ ಅಂಗಳ. ಅಲ್ಲಿ ನೀರು ಇರಬೇಕು, ದನ ಮಲಗಲು ಮರದ ನೆರಳು ಇರಬೇಕು. ಮಳೆಗಾಲದಲ್ಲಿ ಹಳ್ಳಕೊಳ್ಳದ ನೀರು ಸಿಗೋ ಕಡೆ ಮೇಯಿಸಿ, ಬಿಸಿಲಿಗೆ ಕೆರೆ ಕಡೆ ಹೊಡೆಯೋದು. ಅಂದರೆ ಹುಲ್ಲು ನೋಡಿ ಮಂದೆ ಬಿಡುತ್ತಿರಲಿಲ್ಲ, ನೀರು ನೋಡಿ ಬಿಡುತ್ತಿದ್ದರು. ಇದು ರಾಜರ ದನದ ಮಾತಾಯಿತು. ಬಡವರ ದನಕ್ಕೆ ಊರೂರಲ್ಲೂ ಗೋಕಟ್ಟೆ ಇತ್ತು.

ಇತ್ತು ಅನ್ನೋದು ಯಾಕೆಂದರೆ, ಈಗ ಗೋಕಟ್ಟೆ ಹುಡುಕಿಕೊಂಡು ಹೋದರೆ ಬಳ್ಳಾರಿ ಜಾಲಿಯ ಪೊದೆ ಸಿಗುತ್ತದೆ. ಹೂಳು ತುಂಬಿ ತಟ್ಟೆಯಂತಾಗಿರುತ್ತದೆ. ನೀರು ಬರುವ ಕಾಲುವೆಗೆ ಅಡ್ಡಲಾಗಿ ಯಾರದೋ ಬದು ಎದ್ದಿರುತ್ತದೆ. ಯಾರದ್ದು ಅಂತ ಊರಿಗೆಲ್ಲಾ ಗೊತ್ತು, ಸರ್ವೆಯವರಿಗೆ ಮಾತ್ರ ಗೊತ್ತಿಲ್ಲ!

ಕಾವಲಿನ ಕಥೆ ಇನ್ನೂ ದೊಡ್ಡದು. ಖುದಾಪುರ, ಉಳ್ಳಾರ್ತಿ ಕಡೆಯ ಕಾವಲುಗಳಲ್ಲಿ ಸಾವಿರಾರು ಎಕರೆ 2010ರ ಆಸುಪಾಸಿನಲ್ಲಿ ರಕ್ಷಣೆ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಹಳ್ಳಿಯವರು ಬೀದಿಗಿಳಿದರು, ವಿಷಯ ಹಸಿರು ನ್ಯಾಯಮಂಡಳಿ ಮುಟ್ಟಿತು, 2014ರಲ್ಲಿ ತೀರ್ಪೂ ಬಂತು. ದೇಶಕ್ಕೆ ವಿಜ್ಞಾನ ಬೇಕು, ಇಲ್ಲ ಅನ್ನೋರು ಯಾರು? ಆದರೆ ಗೋಡೆ ಎದ್ದಾಗ ಎಕರೆ ಲೆಕ್ಕ ಹಾಕಿದವರು ದನ ನೀರಿಗೆ ಹೋಗುವ ದಾರಿಯ ಲೆಕ್ಕವನ್ನೂ ಹಾಕಬೇಕಿತ್ತು. ಗೋಡೆ ಸುತ್ತಿ ಹೋಗೋದು ಮನುಷ್ಯನಿಗೆ ಬೈಕಿನಲ್ಲಿ ಹತ್ತು ನಿಮಿಷ, ಗಬ್ಬದ ಹಸುವಿಗೆ ಅರ್ಧ ದಿನ. ಮ್ಯಾಸಬೇಡರ ದೇವರ ಎತ್ತುಗಳನ್ನ ಕಾಯುವ ಕಿಲಾರಿಗಳಿಗೂ ಇದೇ ಪಾಡು. ಹೊರೆ ಮೇವನ್ನ ಭಕ್ತರು ತಂದು ಹಾಕಿಯಾರು, ಕೆರೆಯನ್ನ ಹೊತ್ತು ತರೋದಕ್ಕಾಗುತ್ತದೆಯೇ?

ಉದ್ಯೋಗ ಖಾತ್ರಿ ದುಡ್ಡಿನಲ್ಲಿ ತೊಟ್ಟಿ ಕಟ್ಟಿಲ್ಲವೇ ಅಂತ ಕೇಳಬಹುದು. ಕಟ್ಟಿದ್ದಾರೆ. ಬೋರ್‌ವೆಲ್ ಎಲ್ಲಿದೆಯೋ ಅಲ್ಲಿ, ಅಂದರೆ ಊರೊಳಗೆ. ಹುಲ್ಲಿರುವುದು ಊರಾಚೆ. ಪೈಪು ಎಳೆಯಲು ಅಂದಾಜಿನಲ್ಲಿ ಜಾಗ ಇರಲಿಲ್ಲ ಅಂತ ಕಾಣುತ್ತೆ. ತೊಟ್ಟಿ ಗೋಡೆ ಮೇಲೆ ಯೋಜನೆ ಹೆಸರು, ವರ್ಷ, ಮೊತ್ತ ಎಲ್ಲಾ ನೀಟಾಗಿ ಬರೆದಿರುತ್ತದೆ. ಒಳಗೆ ಹೆಂಗಸರು ಬಟ್ಟೆ ನೆನೆಸಿರುತ್ತಾರೆ. ಅವರನ್ನ ಬಯ್ಯೋಕಾಗೋಲ್ಲ, ಅವರ ನಲ್ಲೀಲೂ ನೀರಿಲ್ಲ. ಸೋಪಿನ ವಾಸನೆಗೆ ದನ ಮೂತಿ ಇಡದೆ ನಿಲ್ಲುತ್ತದೆ ಅಷ್ಟೆ.

ನೀರು ದೂರವಾದರೆ ಹುಲ್ಲಿಗೂ ಕೇಡು. ನೀರಿನ ಹತ್ತಿರದ ನೆಲವನ್ನ ದನ ಬೇರು ಸಮೇತ ಮೇಯುತ್ತವೆ, ಆಚೆಯ ಹುಲ್ಲು ನಿಂತಲ್ಲೇ ಒಣಗುತ್ತದೆ. ಆಮೇಲೆ ಕಾವಲು ಬೋಳಾಯಿತು, ದನ ಜಾಸ್ತಿ ಆಯಿತು ಅಂತ ವರದಿ ಬರೆಯುತ್ತಾರೆ. ಕೆಸರು ಕುಂಟೆಗೇ ಇಳಿಸಿ ಕುಡಿಸಿದರೆ ಇನ್ನೊಂದು ತೊಂದರೆ. ಗೊರಸು ಕೊಳೆಯುತ್ತದೆ, ನೀರಿನ ಬಸವನಹುಳುವಿಂದ ಹರಡುವ ಜಂತು ಪಿತ್ತಕೋಶ ಸೇರುತ್ತದೆ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಮಂಡ್ಯ ಜಿಲ್ಲೆ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಲೇ ಬೆಟ್ಟದಲ್ಲಿ ಕಟ್ಟೆ ತೋಡಿಸಿದವರು. 2020ರಲ್ಲಿ ಪ್ರಧಾನಿಯ ಬಾನುಲಿ ಮಾತಿನಲ್ಲೂ ಅವರ ಹೆಸರು ಬಂತು, 2022ರಲ್ಲಿ ತೀರಿಕೊಂಡರು. ಇಲ್ಲಿ ಹೂಳು ತೆಗೆದ ಗೋಕಟ್ಟೆಯ ಕೆಳಗೆ ಒಂದು ಕಲ್ಲುಬಾನಿ, ನೀರು ತುಂಬಿದಾಗ ತಾನೇ ಮುಚ್ಚುವ ಒಂದು ವಾಲ್ವು, ಕೆಸರಾಗದಂತೆ ಸುತ್ತ ಹಾಸುಗಲ್ಲು, ಕುರಿಗೆ ಎಟಕುವಷ್ಟು ತಗ್ಗಿನ ಇನ್ನೊಂದು ಬಾನಿ, ಪಾಚಿ ಕಟ್ಟದಂತೆ ಹದಿನೈದು ದಿನಕ್ಕೊಮ್ಮೆ ತಿಕ್ಕಿ ಸುಣ್ಣ ಬಳಿಯಲು ಒಬ್ಬ ಆಳು. ಕೊನೆಯದೇ ಕಷ್ಟ. ಕಟ್ಟೋದಕ್ಕೆ ಬಿಲ್ಲು ಆಗುತ್ತದೆ, ತೊಳೆಯೋದಕ್ಕೆ ಆಗೋದಿಲ್ಲ.

ಊರೂರು ತಿರುಗುವ ಕುರಿಗಾರರು ಸರ್ಕಾರವನ್ನ ಕಾಯದೆ ತಮ್ಮ ದಾರಿ ಕಂಡುಕೊಂಡಿದ್ದಾರೆ. ರೈತನ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸುತ್ತಾರೆ, ಗೊಬ್ಬರ ಅವನಿಗೆ, ಅವನ ಪಂಪಿನ ನೀರು ಕುರಿಗೆ. ಪಂಪು ಬತ್ತಿದ ವರ್ಷ ಮಂದೆ ಮುಂದಿನ ಊರಿಗೆ.

ವಾಣಿವಿಲಾಸ ಸಾಗರ 2022ರಲ್ಲಿ 89 ವರ್ಷದ ಮೇಲೆ ಕೋಡಿ ಬಿತ್ತು. ಜಿಲ್ಲೆ ಜಿಲ್ಲೆಯೇ ನೋಡಲು ಹೋಯಿತು, ಬಾಗಿನ ಅರ್ಪಿಸಿದ್ದೂ ಆಯಿತು. ಆ ನೀರು ದಿಣ್ಣೆ ಹತ್ತಿ ಕಾವಲಿಗೆ ಬರೋದಿಲ್ಲ. ಕಾವಲಿಗೆ ಬರೋದು ಕಾವಲಿನ ಮೇಲೆ ಬಿದ್ದ ಮಳೆ ಮಾತ್ರ, ಅದೂ ನಿಲ್ಲಲು ಗುಂಡಿ ಇದ್ದರೆ. ಯಾವ ಯಾವ ಗೋಕಟ್ಟೆಗೆ ಹೂಳಾಗಿದೆ, ಯಾವುದರ ಕಾಲುವೆ ಮುಚ್ಚಿದೆ ಅಂತ ಪಂಚಾಯ್ತಿಗಳು ಮಳೆಗೆ ಮುಂಚೆ ಒಂದು ಪಟ್ಟಿ ಮಾಡಲಿ. ಪಟ್ಟಿ ಮಾಡುವವರು ಮಟ ಮಟ ಮಧ್ಯಾಹ್ನ ಮಂದೆಯ ಹಿಂದೆ ನಡೆದುಕೊಂಡೇ ಹೋಗಲಿ. ಜೀಪು ಬೇಡ.