ಅಂಗೈಯಗಲದ ಕಲೆ: ಮನೆಯಲ್ಲೇ ಪುಟ್ಟ ಆರ್ಟ್ ಕಾರ್ಡ್ ಮಾಡೋದು ಹೇಗೆ?

(ಈ ವಾರದ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ತುಂಬಾ ಚಿಕ್ಕದು. ಎಷ್ಟು ಚಿಕ್ಕದು ಅಂದ್ರೆ, ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಹತ್ತಿರಹತ್ತಿರ ಒಂದು ಇಸ್ಪೀಟ್ ಎಲೆಯಷ್ಟು. ಆ ಅಳತೆಯ ದಪ್ಪ ಕಾಗದದ ಮೇಲೆ ನೀವು ಬಣ್ಣ ಹಚ್ಚಬಹುದು, ಚಿತ್ರ ಅಂಟಿಸಬಹುದು, ಸ್ಟಾಂಪ್ ಒತ್ತಬಹುದು, ಹೊಲಿಗೆಯನ್ನೂ ಹಾಕಬಹುದು. ಇದಕ್ಕೆ ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್ ಅಂತ ಹೆಸರು. ಚಿಕ್ಕದಾಗಿ ಎಟಿಸಿ ಅಂತಾರೆ.

ಕಳೆದ ಕೆಲವು ತಿಂಗಳಿಂದ ಕೇಳುಗರು ಕಳಿಸ್ತಿರೋ ಮೆಸೇಜುಗಳಲ್ಲಿ ಎರಡು ಪ್ರಶ್ನೆ ಮತ್ತೆಮತ್ತೆ ಬರ್ತಿವೆ. ಒಂದು, ಸ್ಕ್ರಾಪ್‌ಬುಕ್ ಸಾಮಾನು ತಂದಿಟ್ಟಿದ್ದೀನಿ, ಏನು ಮಾಡ್ಲಿ? ಇನ್ನೊಂದು, ಮನೇಲಿ ‘ಇದ್ರಿಂದ ಏನ್ ಬರುತ್ತೆ’ ಅಂತ ಕೇಳ್ತಾರೆ, ಏನು ಹೇಳ್ಲಿ? ಎರಡಕ್ಕೂ ಇವತ್ತು ಉತ್ತರ ಹುಡುಕೋಣ. ಎರಡನೇದು ಸ್ವಲ್ಪ ಕಷ್ಟ. ನಾನು ಓದಿದ್ದು ಬಿ.ಕಾಂ ಆದ್ದರಿಂದ ಲೆಕ್ಕ ಹಾಕದೆ ಬಿಡೋದಿಲ್ಲ.

ಶುರುವಾಗಿದ್ದು ಎಲ್ಲಿ?

ಸ್ವಿಟ್ಜರ್ಲೆಂಡಿನ ಝೂರಿಕ್‌ನಲ್ಲಿ. ಎಂ. ವಾಂಚಿ ಸ್ಟಿರ್ನೆಮಾನ್ ಅನ್ನೋ ಕಲಾವಿದರು 1996ರಲ್ಲಿ ಇಂಥ ಕಾರ್ಡುಗಳನ್ನ ಕೈಯಲ್ಲೇ ಮಾಡೋಕೆ ಶುರು ಮಾಡಿದ್ರು. 1997ರಲ್ಲಿ ತಮ್ಮ ಹಳೇ ಪುಸ್ತಕದ ಅಂಗಡಿಯಲ್ಲಿ ಸುಮಾರು 1,200 ಕಾರ್ಡುಗಳನ್ನ ಪ್ರದರ್ಶನಕ್ಕಿಟ್ಟರು. ಅಷ್ಟಾದ ಮೇಲೆ ಮಾರಾಟಕ್ಕಿಡಬೇಕಿತ್ತು, ಅಲ್ವಾ? ಅವರು ಇಡಲಿಲ್ಲ. ‘ನಿಮಗೆ ನನ್ನ ಕಾರ್ಡು ಬೇಕಾದ್ರೆ ನೀವೂ ಒಂದು ಕಾರ್ಡು ಮಾಡಿ ತನ್ನಿ, ಬದಲಾಯಿಸಿಕೊಳ್ಳೋಣ’ ಅಂತ ಬಂದವರನ್ನ ಕರೆದರು. ಕೆನಡಾದ ಕಲಾವಿದ ಡಾನ್ ಮೇಬಿ ಇದನ್ನ ಅದೇ ವರ್ಷ ಕ್ಯಾಲ್ಗರಿ ನಗರಕ್ಕೆ ತಗೊಂಡು ಹೋದ್ರು. ಅಲ್ಲಿಂದ ಬೇರೆಬೇರೆ ದೇಶಗಳಿಗೆ ಹರಡಿತು.

ನಿಯಮ ಇರೋದು ಎರಡೇ. ಅಳತೆ ಬದಲಾಗಬಾರದು. ಮತ್ತೆ, ಮಾರೋ ಹಾಗಿಲ್ಲ, ಬದಲಿಗೆ ಬದಲಿ ಕೊಡಬೇಕು. ಉಳಿದದ್ದೆಲ್ಲ ನಿಮ್ಮಿಷ್ಟ.

ಕೈಯಲ್ಲಿ ಬರೆದ ಪುಟ್ಟ ಎಲೆಗಳು ನಮಗೆ ಹೊಸದೇನಲ್ಲ. ಮೈಸೂರಿನ ಗಂಜೀಫಾ ಎಲೆಗಳನ್ನ ನೋಡಿರ್ತೀರಿ. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ಎಲೆಗಳು, ಒಂದೊಂದನ್ನೂ ಕುಂಚ ಹಿಡಿದು ಬರೆದದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಈ ಆಟಗಳಿಗೆ ಅರಮನೆಯ ಆಶ್ರಯವೇ ಇತ್ತು. ಎಟಿಸಿಗೂ ಗಂಜೀಫಾಕ್ಕೂ ನೇರ ಸಂಬಂಧ ಇಲ್ಲ. ಆದ್ರೆ ಇಷ್ಟು ಚಿಕ್ಕ ಜಾಗದಲ್ಲಿ ಎಷ್ಟು ಹಿಡಿಸಬಹುದು ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ಪಾಠ ಬೇರೆ ಬೇಡ.

ಕಾಗದದ ಲೆಕ್ಕ

ಈಗ ಕೆಲಸಕ್ಕೆ ಬರೋಣ. ಮೊದಲು ಬೇಕಾದ್ದು ತಳದ ಕಾರ್ಡು. 250ರಿಂದ 300 ಜಿಎಸ್‌ಎಂ ಕಾಗದ ತಗೊಳ್ಳಿ. ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಅಂತ. ನಾವು ಜೆರಾಕ್ಸಿಗೆ ಬಳಸೋದು ಸಾಮಾನ್ಯವಾಗಿ 70-80 ಜಿಎಸ್‌ಎಂ. ಅದರ ಮೇಲೆ ಅಂಟು ಬಿದ್ದರೆ ಹಪ್ಪಳದ ಹಾಗೆ ಸುರುಳಿ ಸುತ್ತಿಕೊಳ್ಳುತ್ತೆ. ಒಂದು ಎ4 ದಪ್ಪ ಹಾಳೆಯಲ್ಲಿ ಮೂರು ಸಾಲು, ಸಾಲಿಗೆ ಮೂರು, ಒಟ್ಟು ಒಂಬತ್ತು ಕಾರ್ಡು ಸಲೀಸಾಗಿ ಬರ್ತವೆ.

ಸ್ಕ್ರಾಪ್‌ಬುಕ್ ಡಿಸೈನ್ ಕಾಗದದಲ್ಲಿ ಒಂದು ಮಜಾ ಇದೆ. ಅವು 6 ಇಂಚು ಅಥವಾ 12 ಇಂಚಿನ ಚೌಕ ಹಾಳೆಗಳಾಗಿ ಬರ್ತವೆ. 6 ಇಂಚಿನ ಹಾಳೆಯನ್ನ ಟ್ರಿಮ್ಮರ್‌ನಲ್ಲಿ ಈ ತುದಿಯಿಂದ ಆ ತುದಿಗೆ ನೇರ ಕತ್ತರಿಸಿದ್ರೆ ಮೂರೇ ಕಾರ್ಡು ಸಿಗೋದು. ಆದ್ರೆ ಎರಡೂವರೆ ಮತ್ತು ಮೂರೂವರೆ ಕೂಡಿದ್ರೆ ಎಷ್ಟು? ಆರು! ಹಾಗಾಗಿ ಹೀಗೆ ಮಾಡಿ: ಎಡಗಡೆ ಮೇಲಿನ ಮೂಲೆಯಲ್ಲಿ ಒಂದು ಕಾರ್ಡು ಅಡ್ಡಲಾಗಿ, ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಉದ್ದಲಾಗಿ, ಬಲಗಡೆ ಕೆಳಗೆ ಮತ್ತೆ ಅಡ್ಡಲಾಗಿ, ಎಡಗಡೆ ಕೆಳಗೆ ಉದ್ದಲಾಗಿ ಗುರುತು ಹಾಕ್ಕೊಳ್ಳಿ. ಮಕ್ಕಳು ಜಾತ್ರೇಲಿ ಹಿಡ್ಕೊಂಡು ಓಡೋ ಗಿರಿಗಿಟ್ಟಲೆ ಥರ ಕಾಣುತ್ತೆ. ನಾಲ್ಕು ಕಾರ್ಡು ಸಿಗುತ್ತೆ, ನಡುವೆ ಒಂದಿಂಚಿನ ಪುಟ್ಟ ಚೌಕ ಉಳಿಯುತ್ತೆ. ಅದನ್ನೂ ಬಿಸಾಕಬೇಡಿ, ಇನ್ನೊಂದು ಕಾರ್ಡಿನ ಅಲಂಕಾರಕ್ಕೆ ಬರುತ್ತೆ. 12 ಇಂಚಿನ ಹಾಳೆಯಲ್ಲಿ ಇದೇ ಲೆಕ್ಕದಲ್ಲಿ 16 ಕಾರ್ಡು. ಒಂದೇ ಷರತ್ತು: ಇದಕ್ಕೆ ಟ್ರಿಮ್ಮರ್ ಆಗಲ್ಲ, ಸ್ಟೀಲ್ ಸ್ಕೇಲು ಮತ್ತು ಕಟ್ಟರ್ ಹಿಡಿದು ನಡುವೆ ನಿಲ್ಲಿಸಿ ನಿಲ್ಲಿಸಿ ಕೊಯ್ಯಬೇಕು.

ಕಾಗದಕ್ಕೆ ದುಡ್ಡು ಹಾಕೋ ಮುಂಚೆ ಮನೆಯ ಅಟ್ಟ ನೋಡಿ. ಹಳೇ ಲಗ್ನಪತ್ರಿಕೆಗಳಿರ್ತವಲ್ಲ? ದಪ್ಪ ಕಾಗದ, ಉಬ್ಬಿದ ಗಣಪತಿ, ಚಿನ್ನದ ಬಣ್ಣದ ಬಳ್ಳಿ, ರೇಷ್ಮೆ ದಾರ. ಸ್ಕ್ರಾಪ್‌ಬುಕ್ ಅಂಗಡಿಯಲ್ಲಿ ಬೆಲೆ ಕೊಟ್ಟು ತರೋ ಸಾಮಾನೆಲ್ಲ ಅದರಲ್ಲೇ ಇದೆ. ದೇವರ ಚಿತ್ರ ಇದೆ ಅಂತ ಎಸೆಯೋಕೂ ಮನಸ್ಸು ಬರದೆ, ಇಟ್ಕೊಳ್ಳೋಕೂ ಜಾಗ ಇಲ್ಲದೆ ಕೂತಿರೋ ಪತ್ರಿಕೆಗಳಿಗೆ ಇದು ಒಳ್ಳೇ ದಾರಿ.

ಒಂದು ಎಚ್ಚರಿಕೆ. ದಿನಪತ್ರಿಕೆಯ ತುಂಡು ಚೆನ್ನಾಗಿ ಕಾಣುತ್ತೆ, ಆದ್ರೆ ಬೇಗ ಹಳದಿ ತಿರುಗುತ್ತೆ. ಆ ಕಾಗದದಲ್ಲಿ ಮರದ ಲಿಗ್ನಿನ್ ಅಂಶ ಉಳಿದಿರುತ್ತೆ, ಬೆಳಕು, ಗಾಳಿ ತಾಗಿದಂತೆ ಬಣ್ಣ ಕೆಡುತ್ತೆ. ಹಳೇ ಕಾಗದದ ಕಳೆಯೇ ಬೇಕು ಅಂದ್ರೆ ಹಾಕಿ. ಬಹುಕಾಲ ಉಳಿಯಬೇಕು ಅಂದ್ರೆ ‘ಆಸಿಡ್ ಫ್ರೀ’ ಅಂತ ಬರೆದಿರೋ ಕಾಗದ, ಅಂಟು ತಗೊಳ್ಳಿ.

ಅಂಟು, ಇಂಕು, ಪದರ

ಬಿಳಿ ಫೆವಿಕಾಲ್‌ನಲ್ಲಿ ನೀರಿನಂಶ ಇರುತ್ತೆ. ಒಂದೇ ಬದಿಗೆ ಬಳಿದ್ರೆ ಆ ಬದಿ ನೀರು ಕುಡಿದು ಹಿಗ್ಗುತ್ತೆ, ಆಮೇಲೆ ಒಣಗುವಾಗ ಎಳೆಯುತ್ತೆ, ಕಾರ್ಡು ಬಾಗುತ್ತೆ. ಇದಕ್ಕೆ ಮೂರು ಉಪಾಯ. ತೆಳ್ಳಗೆ ಹಚ್ಚಿ. ಹಿಂಬದಿಗೂ ಒಂದು ಕಾಗದ ಅಂಟಿಸಿ, ಆಗ ಎರಡೂ ಕಡೆ ಎಳೆತ ಸಮ ಆಗುತ್ತೆ. ರಾತ್ರಿ ದಪ್ಪ ಪುಸ್ತಕದ ಕೆಳಗಿಟ್ಟು ಬೆಳಿಗ್ಗೆ ತೆಗೀರಿ. ತೆಳು ಕಾಗದಕ್ಕೆ ಗ್ಲೂ ಸ್ಟಿಕ್ ಅಥವಾ ಡಬಲ್ ಸೈಡ್ ಟೇಪ್ ಸಾಕು.

ಇಂಕ್ ಪ್ಯಾಡಿನಲ್ಲಿ ಎರಡು ಜಾತಿ. ಡೈ ಇಂಕು ಕಾಗದದೊಳಗೆ ಇಳಿದು ಬೇಗ ಒಣಗುತ್ತೆ. ಪಿಗ್ಮೆಂಟ್ ಇಂಕು ಮೇಲೇ ನಿಂತು ನಿಧಾನವಾಗಿ ಒಣಗುತ್ತೆ. ಎಂಬಾಸಿಂಗ್ ಪುಡಿ ಉದುರಿಸಿ ಉಬ್ಬಿದ ಅಕ್ಷರ ಮಾಡಬೇಕು ಅಂದ್ರೆ ಎರಡನೇದೇ ಬೇಕು, ಹಸಿ ಇದ್ದರೆ ತಾನೇ ಪುಡಿ ಅಂಟೋದು. ಆ ಪುಡಿ ಕರಗಿಸೋಕೆ ಹೇರ್ ಡ್ರೈಯರ್ ಹಿಡಿದ್ರೆ ಪುಡಿಯೆಲ್ಲ ಹಾರಿಹೋಗುತ್ತೆ, ಬಿಸಿಯೂ ಸಾಲಲ್ಲ. ಅದಕ್ಕೆ ಹೀಟ್ ಗನ್ ಬೇರೆಯೇ ಇದೆ. ಮಕ್ಕಳ ಕೈಗೆ ಕೊಡಬೇಡಿ.

ಕಾರ್ಡು ಕಟ್ಟೋ ಕ್ರಮ ಹೀಗೆ. ಮೊದಲು ಹಿನ್ನೆಲೆ: ಡಿಸೈನ್ ಕಾಗದ ಅಥವಾ ಜಲವರ್ಣ. ಎರಡನೇದು ಒಂದು ಪಟ್ಟಿ: ವಾಶಿ ಟೇಪ್, ಹಳೇ ನಕ್ಷೆಯ ತುಂಡು, ಸೀರೆಯ ಲೇಸು, ಏನಾದ್ರೂ. ಮೂರನೇದು ಕಣ್ಣು ನಿಲ್ಲೋ ಜಾಗ: ಒಂದೇ ಒಂದು ಚಿತ್ರ. ಒಂದು ಹಕ್ಕಿ, ಒಂದು ಕಿಟಕಿ, ಒಂದು ಕಾಫಿ ಲೋಟ. ಹೊಸಬರು ಪ್ಯಾಕೆಟ್ಟಿನಲ್ಲಿರೋ ಸ್ಟಿಕರ್ ಎಲ್ಲಾ ಒಂದೇ ಕಾರ್ಡಿಗೆ ತುರುಕೋಕೆ ನೋಡ್ತಾರೆ. ಅಂಗೈಯಗಲದ ಜಾಗದಲ್ಲಿ ಅದು ಸಂತೆ ಆಗಿಬಿಡುತ್ತೆ. ಕೊನೆಗೆ ಬೇಕಿದ್ರೆ ಒಂದು ಪದ. ಅಂಚಿಗೆ ಕಂದು ಇಂಕನ್ನ ಸ್ಪಂಜಿನಲ್ಲಿ ಮೆಲ್ಲಗೆ ಒರೆಸಿದ್ರೆ ಪದರಗಳೆಲ್ಲ ಒಂದಾಗಿ ಕೂರ್ತವೆ.

ಫೋಮ್ ಟೇಪ್, ಮಣಿ, ಗುಂಡಿ ಹಾಕೋ ಮುಂಚೆ ಯೋಚಿಸಿ. ಈ ಅಳತೆ ಇಟ್ಟಿದ್ದರಲ್ಲಿ ಒಂದು ಅನುಕೂಲ ಇದೆ. ಕ್ರೀಡಾ ಕಾರ್ಡುಗಳಿಗೆ ಅಂತ ಸಿಗೋ ಪ್ಲಾಸ್ಟಿಕ್ ಕವರು, ಒಂಬತ್ತು ಜೇಬಿನ ಆಲ್ಬಮ್ ಹಾಳೆ ಇದಕ್ಕೂ ಸರಿಹೊಂದುತ್ತೆ. ಉಬ್ಬಿದ ಕಾರ್ಡು ಅದರೊಳಗೆ ಹೋಗಲ್ಲ. ಅಂಚೆಯಲ್ಲೂ ಕಷ್ಟ. 300 ಜಿಎಸ್‌ಎಂ ಖಾಲಿ ಕಾರ್ಡಿನ ತೂಕ ಎರಡು ಗ್ರಾಂ ಕೂಡ ಇಲ್ಲ. ಚಪ್ಪಟೆಯಾಗಿ ಇಟ್ಟುಕೊಂಡ್ರೆ ಎರಡು ರಟ್ಟಿನ ನಡುವೆ ಇಟ್ಟು ಸಾಮಾನ್ಯ ಲಕೋಟೆಯಲ್ಲೇ ಕಳಿಸಬಹುದು.

ಹಿಂಬದಿ ಮರೀಬೇಡಿ. ಹೆಸರು, ದಿನಾಂಕ, ಕಾರ್ಡಿನ ಶೀರ್ಷಿಕೆ ಬರೀರಿ. ಒಂದೇ ವಿನ್ಯಾಸದ ಐದು ಮಾಡಿದ್ರೆ 1/5, 2/5 ಅಂತ ಸಂಖ್ಯೆ ಹಾಕಿ. ಹತ್ತು ವರ್ಷ ಬಿಟ್ಟು ಯಾರದೋ ಆಲ್ಬಮ್ಮಿನಲ್ಲಿ ಸಿಕ್ಕಾಗ ಇದು ಯಾರ ಕೈಯದ್ದು ಅಂತ ಗೊತ್ತಾಗಬೇಕಲ್ಲ.

‘ಇದ್ರಿಂದ ಏನ್ ಬರುತ್ತೆ?’

ಈಗ ಆ ಕಷ್ಟದ ಪ್ರಶ್ನೆ. ಮಾರಬಹುದಾ? ಮಾರಬಹುದು, ಆದ್ರೆ ಆಗ ಅದನ್ನ ಎಟಿಸಿ ಅನ್ನಲ್ಲ. ಇದೇ ಅಳತೆಯ ಕಾರ್ಡುಗಳನ್ನ ಜನ 2000ರ ದಶಕದಲ್ಲಿ ಇಬೇಯಲ್ಲಿ ಮಾರೋಕೆ ಶುರು ಮಾಡಿದಾಗ ಅದಕ್ಕೆ ಎಸಿಇಓ ಅನ್ನೋ ಬೇರೆ ಹೆಸರೇ ಬಂತು. ಆರ್ಟ್ ಕಾರ್ಡ್ಸ್, ಎಡಿಶನ್ಸ್ ಅಂಡ್ ಒರಿಜಿನಲ್ಸ್ ಅಂತ.

ಮಾರೋದಾದ್ರೆ ಲೆಕ್ಕ ಸರಿಯಾಗಿ ಹಾಕಿ. ಒಂದು ಉದಾಹರಣೆ ತಗೊಳ್ಳೋಣ. ಕಾಗದ, ಅಂಟು, ಇಂಕು ಸೇರಿ ಕಾರ್ಡಿಗೆ 15 ರೂಪಾಯಿ. 400 ರೂಪಾಯಿಯ ಪಂಚು 200 ಕಾರ್ಡಿಗೆ ಬಾಳಿಕೆ ಬಂದ್ರೆ ಕಾರ್ಡಿಗೆ 2 ರೂಪಾಯಿ ಸವಕಳಿ. ಮುಕ್ಕಾಲು ಗಂಟೆ ಕೆಲಸ. ಗಂಟೆಗೆ 100 ರೂಪಾಯಿ ಅಂತ ಇಟ್ಟರೂ 75 ಆಯ್ತು. ಒಟ್ಟು 92. ಐದರಲ್ಲಿ ಒಂದು ಕೆಟ್ಟರೆ ಅದರ ಖರ್ಚು ಉಳಿದ ನಾಲ್ಕರ ಮೇಲೆ ಬೀಳುತ್ತೆ, ಅಲ್ಲಿಗೆ ಒಂದೊಂದಕ್ಕೂ 115. ಅಂಚೆ ಖರ್ಚು, ಲಾಭ ಇನ್ನೂ ಸೇರಿಲ್ಲ. ಇಸ್ಪೀಟ್ ಎಲೆಯಷ್ಟು ಕಾಗದಕ್ಕೆ ಇಷ್ಟು ಕೊಡೋರು ಯಾರು ಅಂತ ನೀವೇ ಬೆಲೆ ಇಳಿಸ್ತೀರಿ, 50 ಅಂತೀರಿ. ಕಾಗದದ ಅಂಗಡಿಯವನು ಒಂದು ರೂಪಾಯಿ ಬಿಡಲ್ಲ. ಹಾಗಾದ್ರೆ ಕಡಿತ ಆಗಿದ್ದು ಯಾವುದು? ನಿಮ್ಮ ಮುಕ್ಕಾಲು ಗಂಟೆ. ಮನೇಲಿ ಕೂತು ಕೈಕೆಲಸ ಮಾಡೋ ಎಷ್ಟೋ ಹೆಣ್ಣುಮಕ್ಕಳ ವ್ಯಾಪಾರ ಸೋಲೋದು ಇಲ್ಲೇ. ಸಾಮಾನಿನ ಖರ್ಚು ಬರೀತಾರೆ, ತಮ್ಮ ಸಮಯವನ್ನ ಸೊನ್ನೆ ಅಂತ ಹಿಡೀತಾರೆ. ಇನ್ನೊಂದು ಮಾತು, ಸ್ಟಾಂಪು, ಸ್ಟಿಕರಿನ ಚಿತ್ರ ಬೇರೆಯವರ ವಿನ್ಯಾಸ. ಅದನ್ನ ಬಳಸಿ ಮಾರಬಹುದಾ ಅಂತ ಆ ಕಂಪನಿಯ ನಿಯಮ ಓದಿಕೊಳ್ಳಿ.

ಬದಲಾಯಿಸಿಕೊಳ್ಳೋದಾದ್ರೆ ಲೆಕ್ಕವೇ ಬೇರೆ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಅಂತ ಇದೆ. ಇವತ್ತು ನಿಮ್ಮ ಗದ್ದೆ ನಾಟಿಗೆ ನಾನು ಬರ್ತೀನಿ, ನಾಳೆ ನಮ್ಮ ಗದ್ದೆಗೆ ನೀವು ಬನ್ನಿ. ಕೂಲಿ ಇಲ್ಲ. ನನ್ನ ಒಂದು ದಿನಕ್ಕೆ ನಿಮ್ಮ ಒಂದು ದಿನ ಸಮ. ಕಾರ್ಡಿನ ವಿನಿಮಯವೂ ಹೆಚ್ಚು ಕಡಿಮೆ ಇದೇ. ನನ್ನ ಮುಕ್ಕಾಲು ಗಂಟೆಗೆ ಇನ್ಯಾರದೋ ಮುಕ್ಕಾಲು ಗಂಟೆ ಸಿಗುತ್ತೆ. ಮಾರುಕಟ್ಟೆ ಸೊನ್ನೆ ಅಂದಿದ್ದ ಸಮಯಕ್ಕೆ ಇಲ್ಲಿ ಪೂರ್ತಿ ಬೆಲೆ. ಹತ್ತನೇ ಕ್ಲಾಸಿನ ಹುಡುಗಿಯ ಕಾರ್ಡಿಗೂ, ಮೂವತ್ತು ವರ್ಷ ಚಿತ್ರ ಬರೆದವರ ಕಾರ್ಡಿಗೂ ಒಂದಕ್ಕೊಂದು.

ಹಾಗಾಗಿ ಮನೇಲಿ ‘ಏನ್ ಬರುತ್ತೆ’ ಅಂತ ಕೇಳಿದ್ರೆ, ‘ಇನ್ನೊಂದು ಕಾರ್ಡು ಬರುತ್ತೆ’ ಅಂತ ಧೈರ್ಯವಾಗಿ ಹೇಳಿ. ಸಂಪಾದನೆ ಬೇಕೇ ಬೇಕು ಅನ್ನೋರು ಮಾರಿ, ಅದರಲ್ಲಿ ತಪ್ಪಿಲ್ಲ. ಆದ್ರೆ ಎರಡು ಡಬ್ಬ ಇಡಿ, ಮಾರೋದಕ್ಕೆ ಒಂದು, ಬದಲಾಯಿಸೋದಕ್ಕೆ ಒಂದು. ಮೊದಲನೇ ಡಬ್ಬದಲ್ಲಿ ನಿಮ್ಮ ಗಂಟೆಗೆ ಪೂರ್ತಿ ಬೆಲೆ ಹಾಕಿ. ಎರಡನೇದರಲ್ಲಿ ಬೆಲೆಯ ಚೀಟಿಯೇ ಬೇಡ.

ಈ ವಾರದ ಕೆಲಸ ಸುಲಭ. ಅಟ್ಟದಿಂದ ಒಂದು ಲಗ್ನಪತ್ರಿಕೆ ಇಳಿಸಿ, ಎರಡೂವರೆಗೆ ಮೂರೂವರೆ ಅಳತೆಯಲ್ಲಿ ಎರಡು ತುಂಡು ಕತ್ತರಿಸಿ. ಒಂದು ನೀವು ಮಾಡಿ, ಇನ್ನೊಂದನ್ನ ಪಕ್ಕದ ಮನೆಯವರಿಗೋ, ಅಜ್ಜಿಗೋ, ಆಫೀಸಿನ ಗೆಳತಿಗೋ ಖಾಲಿ ಕೊಟ್ಟು ಬನ್ನಿ. ಅವರು ತುಂಬಿಸಿ ತಂದಾಗ ಬದಲಾಯಿಸಿಕೊಳ್ಳಿ.