ಎಲ್ಲರೂ ಸೇರಿ ಬರೆಯುವ ವಿಶ್ವಕೋಶ: ಅಲ್ಲಿಯ ರೀತಿ ರಿವಾಜು

ಮೊಬೈಲಿನಲ್ಲಿ 'ನವಣೆ' ಅಂತ ಬರೆದು ಹುಡುಕಿ ನೋಡಿ. ಮೊದಲು ಸಿಗುವ ನಾಲ್ಕೈದು ಕಡೆಗಳಲ್ಲಿ ವಿಕಿಪೀಡಿಯ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಶಾಲೆ ಮಕ್ಕಳು ಪ್ರಾಜೆಕ್ಟ್ ಬರೆಯಬೇಕಾದರೆ ಅಲ್ಲಿ ನೋಡುತ್ತಾರೆ. ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಎ.ಐ. ಯಂತ್ರಗಳೂ ಅದನ್ನು ಓದಿ ಕಲಿತಿವೆ. ಹಾಗಿರುವಾಗ ನಾವು ಬೆಳೆಯುವ ಬೆಳೆಯ ಬಗ್ಗೆ ಅಲ್ಲಿ ಏನಿದೆ, ಯಾರು ಬರೆದರು, ತಪ್ಪಿದ್ದರೆ ತಿದ್ದುವವರು ಯಾರು? ಇದು ರೈತನಿಗೆ ಸಂಬಂಧ ಇಲ್ಲದ ಮಾತಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಹೊಸದುರ್ಗದ ಕಡೆ ಮಳೆ ನಂಬಿ ರಾಗಿ, ಸಾಮೆ, ನವಣೆ ಬೆಳೆಯುವವನು. ಮಗಳು ತೋರಿಸಿಕೊಟ್ಟ ಮೇಲೆ ಎರಡು ತಿಂಗಳು ಏನೂ ಬರೆಯದೆ, ಬೇರೆಯವರು ಹೇಗೆ ಬರೀತಾರೆ, ಹೇಗೆ ತಿದ್ದುತ್ತಾರೆ ಅಂತ ಬರೀ ನೋಡಿದೆ. ಆಮೇಲೆ ಸಣ್ಣಪುಟ್ಟದ್ದು ಬರೆಯಲು ಶುರು ಮಾಡಿದೆ. ಇದಕ್ಕೆ ದೊಡ್ಡ ಓದು ಬೇಕಿಲ್ಲ, ರೀತಿ ಗೊತ್ತಿರಬೇಕು. ಆ ರೀತಿಯನ್ನು ತಿಳಿದಷ್ಟು ಇಲ್ಲಿ ಹೇಳುತ್ತೇನೆ.

ಇದು ಯಾರದ್ದು?

ವಿಕಿಪೀಡಿಯ ಶುರುವಾದದ್ದು 2001ರ ಜನವರಿಯಲ್ಲಿ, ಅಮೆರಿಕದಲ್ಲಿ. ಜಿಮ್ಮಿ ವೇಲ್ಸ್, ಲ್ಯಾರಿ ಸ್ಯಾಂಗರ್ ಎಂಬಿಬ್ಬರು ಶುರು ಮಾಡಿದರು. ಕನ್ನಡದ್ದು 2003ರಲ್ಲಿ ಬಂತು. ತುಳುವಿನದು 2016ರಲ್ಲಿ. ನೋಡಿಕೊಳ್ಳುವುದು ವಿಕಿಮೀಡಿಯ ಫೌಂಡೇಶನ್ ಎಂಬ ಲಾಭವಿಲ್ಲದ ಸಂಸ್ಥೆ. ಜಾಹೀರಾತು ಇಲ್ಲ, ಓದಲು ದುಡ್ಡಿಲ್ಲ. ಬರೆದವರಿಗೆ ಸಂಸ್ಥೆ ಸಂಬಳ ಕೊಡುವುದಿಲ್ಲ. ನಮ್ಮ ಮುಯ್ಯಾಳಿನ ಹಾಗೆ. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು.

ವ್ಯತ್ಯಾಸ ಒಂದೇ. ಇಲ್ಲಿ ಹೊಲ ಯಾರ ಹೆಸರಿಗೂ ಇಲ್ಲ. ರಾಗಿಯ ಲೇಖನವನ್ನು ನೀವೇ ಶುರು ಮಾಡಿದ್ದರೂ ಅದು ನಿಮ್ಮದಲ್ಲ. ನಾಳೆ ಯಾರೋ ಬಂದು ನಿಮ್ಮ ಸಾಲು ತೆಗೆದು ಬೇರೆ ಸಾಲು ಹಾಕಬಹುದು. 'ನಾನು ಬರೆದದ್ದು ಮುಟ್ಟಬೇಡಿ' ಅನ್ನುವ ಹಾಗಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡು ಹೋದರೆ ಮುಂದಿನ ಮನಸ್ತಾಪ ಅರ್ಧ ಕಡಿಮೆ.

ಮ್ಯುಟೇಷನ್ ಇದ್ದ ಹಾಗೆ

ಯಾರು ಬೇಕಾದರೂ ತಿದ್ದಬಹುದು ಅಂದರೆ ಯಾರು ಬೇಕಾದರೂ ಹಾಳು ಮಾಡಬಹುದಲ್ಲ ಅಂತ ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಅದಕ್ಕೆ ಉತ್ತರ 'ಇತಿಹಾಸ' ಎಂಬ ಪುಟ. ಪ್ರತಿ ಲೇಖನಕ್ಕೂ ಅದು ಇರುತ್ತದೆ. ಪಹಣಿಗೆ ಮ್ಯುಟೇಷನ್ ದಾಖಲೆ ಇದ್ದ ಹಾಗೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಹೆಸರಿನವರು, ಯಾವ ಅಕ್ಷರ ತೆಗೆದರು, ಯಾವುದು ಸೇರಿಸಿದರು, ಎಲ್ಲ ಅಲ್ಲಿ ಉಳಿಯುತ್ತೆ. ಯಾರಾದರೂ ಪುಟ ಕೆಡಿಸಿದರೆ ಹಿಂದಿನ ರೂಪಕ್ಕೆ ತರಲು ಒಂದು ನಿಮಿಷ ಸಾಕು.

ಹಾಗಾಗಿ ತಿದ್ದಿದಾಗ ಏಕೆ ತಿದ್ದಿದೆ ಅಂತ ಸಾರಾಂಶದ ಜಾಗದಲ್ಲಿ ಒಂದು ಸಾಲು ಬರೆಯುವುದು ಮರ್ಯಾದೆ. 'ಕಾಗುಣಿತ ಸರಿಪಡಿಸಿದೆ', 'ಆಧಾರ ಸೇರಿಸಿದೆ' ಅಂದರೆ ಸಾಕು. ಏನೂ ಹೇಳದೆ ಹತ್ತು ಸಾಲು ಕಿತ್ತು ಹಾಕಿದರೆ ನೋಡುವವರಿಗೆ ಅನುಮಾನ ಬಾರದೆ ಇರುತ್ತದೆಯೇ?

ಆಧಾರ ಎಲ್ಲಿದೆ?

ಎಲ್ಲಕ್ಕಿಂತ ದೊಡ್ಡ ನಿಯಮ ಇದು. ನಿಮಗೆ ಗೊತ್ತು ಎಂದ ಮಾತ್ರಕ್ಕೆ ಬರೆಯುವಂತಿಲ್ಲ. ಅದು ಎಲ್ಲಿ ಅಚ್ಚಾಗಿದೆ ಅಂತ ತೋರಿಸಬೇಕು. ಪುಸ್ತಕ, ಪತ್ರಿಕೆ, ವಿಶ್ವವಿದ್ಯಾಲಯದ ಪ್ರಕಟಣೆ, ಹೀಗೆ ಸಂಪಾದಕರು ನೋಡಿ ಪ್ರಕಟಿಸಿದ್ದಾಗಬೇಕು. ವಾಟ್ಸಾಪಿನಲ್ಲಿ ಬಂದದ್ದು ನಡೆಯುವುದಿಲ್ಲ.

ಒಂದು ಉದಾಹರಣೆ. ಇಂಡಾಫ್ ರಾಗಿ ನಮಗೆಲ್ಲ ಗೊತ್ತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಈ ತಳಿಗಳನ್ನು ತೆಗೆದರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್' ಸೇರಿ ಆ ಹೆಸರು. ನನಗೆ ಇದು ಗೊತ್ತಾದದ್ದು ಅಪ್ಪನ ಕಾಲದ ಮಾತಿನಿಂದ. ಆದರೆ ಅಲ್ಲಿ ಬರೆಯಬೇಕಾದರೆ 'ನಮ್ಮಪ್ಪ ಹೇಳಿದರು' ಅಂದರೆ ಸಾಲದು. ಇಂಥ ಪುಸ್ತಕ, ಇಂಥ ಪುಟ ಅಂತ ಕೊಡಬೇಕು. ಸಾಲಿನ ಕೊನೆಗೆ ಸಣ್ಣ ಅಂಕಿ ಬರುತ್ತದೆ, ಕೆಳಗೆ ಪಟ್ಟಿಯಲ್ಲಿ ಪುಸ್ತಕದ ಹೆಸರು ಬರುತ್ತದೆ. ಓದುವವನು ಬೇಕಾದರೆ ತೆಗೆದು ನೋಡಿಕೊಳ್ಳಬಹುದು.

ಔಷಧಿ ಮಾತಿಗೆ ಇನ್ನೂ ಬಿಗಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಮಾಡಿತು. ಆ ಸುಮಾರಿನಲ್ಲಿ ಊದಲು ತಿಂದರೆ ಆ ರೋಗ ಹೋಗುತ್ತೆ, ಕೊರಲೆ ತಿಂದರೆ ಈ ರೋಗ ಹೋಗುತ್ತೆ ಎಂಬ ಮಾತು ಎಲ್ಲೆಲ್ಲೂ ಓಡಾಡಿತು. ಬೆಳೆಯುವವರಾದ ನಮಗೆ ಅದು ಕೇಳಲು ಹಿತವೇ. ಆದರೆ ವೈದ್ಯಕೀಯದ ಗಟ್ಟಿ ಆಧಾರ ಇಲ್ಲದೆ ಅಂಥ ಸಾಲು ಹಾಕಿದರೆ ತೆಗೆದುಹಾಕುತ್ತಾರೆ. ತೆಗೆಯುವುದೇ ಸರಿ. ಅದನ್ನು ನಂಬಿ ಯಾರೋ ಒಬ್ಬರು ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟರೆ ಹೊಣೆ ಯಾರು?

ನಮ್ಮ ಅನುಭವಕ್ಕೆ ಜಾಗವಿಲ್ಲವೇ?

ರೈತನಿಗೆ ಚುಚ್ಚುವುದು ಇಲ್ಲೇ. ರಾಗಿ ಹೊಲದ ಅಕ್ಕಡಿ ಸಾಲನ್ನೇ ತೆಗೆದುಕೊಳ್ಳಿ. ಕೂರಿಗೆಯ ಹಿಂದೆ ಸಡ್ಡೆ ಕಟ್ಟಿ ತೊಗರಿ, ಅವರೆ, ಹುಚ್ಚೆಳ್ಳು ಬಿಡುತ್ತೇವೆ. ಎಷ್ಟು ಸಾಲಿಗೆ ಒಂದು ಅಕ್ಕಡಿ, ಯಾವ ಮಳೆ ಹೋದರೆ ಯಾವ ಕಾಳು ಬದಲಿಸಬೇಕು ಎಂಬುದು ಊರೂರಿಗೆ ಬೇರೆ. ನಮ್ಮ ಹೆಂಗಸರ ಬಾಯಲ್ಲಿ, ಅವರ ಬೀಜದ ಮಡಕೆಯಲ್ಲಿ ಇರುವ ತಿಳಿವಳಿಕೆ ಇದು. ಎಷ್ಟೋ ಅಚ್ಚಾಗಿಲ್ಲ. ಅಚ್ಚಾಗಿಲ್ಲವಾದರೆ ವಿಕಿಪೀಡಿಯದಲ್ಲಿ ಇಲ್ಲ. 'ಸ್ವಂತ ಸಂಶೋಧನೆ ಸಲ್ಲದು' ಎಂಬುದು ಅಲ್ಲಿಯ ನಿಯಮ. ನೀವು ನಲವತ್ತು ವರ್ಷ ಬೇಸಾಯ ಮಾಡಿದ್ದರೂ ಅಷ್ಟೇ, ವಿಜ್ಞಾನಿಯೇ ಆದರೂ ಅಷ್ಟೇ.

ಈ ಕೊರತೆಯನ್ನು ವಿಕಿಪೀಡಿಯದವರೇ ಕಂಡುಕೊಂಡಿದ್ದಾರೆ. 2011ರಲ್ಲಿ ಅಚಲ್ ಪ್ರಭಲ ಎಂಬವರು ಕೆಲವರ ಜತೆ ಸೇರಿ ಒಂದು ಪ್ರಯೋಗ ಮಾಡಿದರು. ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕಾದ ಸೆಪೆಡಿ ಭಾಷೆಗಳಲ್ಲಿ ಹಳ್ಳಿ ಜನರ ಮಾತನ್ನು ಧ್ವನಿಮುದ್ರಿಸಿ, ಅದನ್ನೇ ಆಧಾರವಾಗಿ ಕೊಡಬಹುದೇ ಅಂತ ನೋಡಿದರು. ಅದು ಎಲ್ಲ ಕಡೆಯ ನಿಯಮವಾಗಿ ನಿಲ್ಲಲಿಲ್ಲ. ಆದರೆ ಪ್ರಶ್ನೆ ನ್ಯಾಯವಾದದ್ದು, ಇನ್ನೂ ಹಾಗೇ ಇದೆ.

ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಅನುಭವಕ್ಕೆ ಬಾಗಿಲು ತೆಗೆದರೆ, ನನ್ನ ಹೆಸರಿನಲ್ಲಿ ಸುಳ್ಳು ಹೇಳುವ ಬೀಜದ ವ್ಯಾಪಾರಿಗೂ ಅದೇ ಬಾಗಿಲು ತೆಗೆಯಬೇಕಾಗುತ್ತದೆ. ನಮಗಿರುವ ದಾರಿ ಬೇರೆ. ಮೊದಲು ಇಂಥ ರೈತರ ಪತ್ರಿಕೆಗಳಲ್ಲಿ ಬರೆಯುವುದು. ಊರು, ಮಣ್ಣು, ಹಂಗಾಮು, ವರ್ಷ, ಇಳುವರಿ ಎಲ್ಲ ಖಚಿತವಾಗಿ ಕೊಟ್ಟು ಬರೆದರೆ, ಸಂಪಾದಕರು ನೋಡಿ ಅಚ್ಚು ಹಾಕಿದರೆ, ಅದು ನಾಳೆ ಇನ್ನೊಬ್ಬರು ತೋರಿಸಬಹುದಾದ ಆಧಾರ. ನಾನು ಬರೆದ ಲೇಖನವನ್ನು ನಾನೇ ಅಲ್ಲಿ ಆಧಾರವಾಗಿ ತುಂಬುವುದು ಶೋಭೆಯಲ್ಲ. 'ಚರ್ಚೆ' ಪುಟದಲ್ಲಿ ಹೀಗೊಂದು ಲೇಖನ ಇದೆ ಅಂತ ತಿಳಿಸಿ, ಯೋಗ್ಯ ಅನ್ನಿಸಿದರೆ ಬೇರೆಯವರು ಸೇರಿಸಲಿ ಅಂತ ಬಿಡಬೇಕು.

ಯಾರ ಪಕ್ಷವೂ ಅಲ್ಲ

ಎರಡನೆಯ ದೊಡ್ಡ ನಿಯಮ, ಪಕ್ಷ ವಹಿಸಬಾರದು. ಸಹಜ ಕೃಷಿ ಮೇಲೋ ಗೊಬ್ಬರದ ಕೃಷಿ ಮೇಲೋ ಎಂಬ ಜಗಳ ನಮ್ಮಲ್ಲಿ ಎಂದೂ ಮುಗಿಯದ್ದು. ವಿಕಿಪೀಡಿಯ ತೀರ್ಪು ಕೊಡುವುದಿಲ್ಲ. ಸುಭಾಷ್ ಪಾಳೇಕರ್ ಏನು ಹೇಳುತ್ತಾರೆ, ಅದನ್ನು ಒಪ್ಪದ ವಿಜ್ಞಾನಿಗಳು ಏನು ಹೇಳುತ್ತಾರೆ, ಯಾರ ಮಾತು ಯಾವುದು ಎಂದು ಹೆಸರು ಹಚ್ಚಿ, ಆಧಾರದ ತೂಕ ನೋಡಿ ಬರೆಯಬೇಕು. 'ಅದ್ಭುತ', 'ಅಮೃತಸಮಾನ', 'ರೈತದ್ರೋಹಿ' ಇಂಥ ಶಬ್ದ ಬೇಡ.

ಮಾತಿನ ಧಾಟಿಯೂ ಬೇರೆ. ನಾವು ಇಲ್ಲಿ 'ಹದ ನೋಡಿ ಬಿತ್ತಿರಿ' ಅಂತ ಬರೀತೇವೆ. ಅಲ್ಲಿ 'ಬಿತ್ತುತ್ತಾರೆ' ಆಗಬೇಕು. ವಿಶ್ವಕೋಶ ಸಲಹೆ ಹೇಳುವ ಕೈಪಿಡಿಯಲ್ಲ. 'ಈಗ', 'ಇತ್ತೀಚೆಗೆ' ಅಂತಲೂ ಬರೆಯಬಾರದು, ಇಸವಿ ಹಾಕಬೇಕು. ಐದು ವರ್ಷ ಬಿಟ್ಟು ಓದುವವನಿಗೆ 'ಈಗ' ಅಂದರೆ ಯಾವಾಗ?

ಹೆಸರಿನ ವಿಷಯದಲ್ಲಿ ಈ ನಿಯಮ ನಮಗೆ ಅನುಕೂಲವೇ. ಹಾರಕವನ್ನು ಕೆಲವು ಕಡೆ ಆರ್ಕ ಅನ್ನುತ್ತಾರೆ. ಒಂದು ಸರಿ ಇನ್ನೊಂದು ತಪ್ಪು ಅಂತಿಲ್ಲ. ಆಧಾರ ಇದ್ದರೆ ಎರಡನ್ನೂ ಬರೆಯಬಹುದು.

ಸ್ವಂತದ್ದು, ನಕಲಿನದ್ದು

ತನ್ನ ಬಗ್ಗೆ, ತನ್ನ ತೋಟದ ಬಗ್ಗೆ, ತನ್ನ ಅಂಗಡಿ ಬಗ್ಗೆ ತಾನೇ ಬರೆಯಬಾರದು. ಯಾರ ಬಗ್ಗೆ ಲೇಖನ ನಿಲ್ಲಬೇಕಾದರೂ ಸಂಬಂಧವಿಲ್ಲದ ಬೇರೆಯವರು ಅವರ ಬಗ್ಗೆ ಸಾಕಷ್ಟು ಬರೆದು ಅಚ್ಚಾಗಿರಬೇಕು. ದುಡ್ಡು ತೆಗೆದುಕೊಂಡು ಬರೆಯುವವರು ಅದನ್ನು ಬಾಯಿಬಿಟ್ಟು ಹೇಳಲೇಬೇಕು ಅಂತ 2014ರಿಂದ ಕರಾರಿನಲ್ಲೇ ಸೇರಿಸಿದ್ದಾರೆ.

ಪತ್ರಿಕೆಯಿಂದ, ಪುಸ್ತಕದಿಂದ ಸಾಲುಸಾಲೇ ನಕಲು ಇಳಿಸುವಂತಿಲ್ಲ. ಓದಿ, ತಿಳಿದು, ನಮ್ಮ ಮಾತಿನಲ್ಲಿ ಬರೆದು ಆಧಾರ ಕೊಡಬೇಕು. ಯಂತ್ರ ಅನುವಾದ ಮಾಡಿಕೊಟ್ಟದ್ದನ್ನು ತಿದ್ದದೆ ಸುರಿದರೂ ಕನ್ನಡ ಕೆಡುತ್ತದೆ. ಹಕ್ಕುಳ್ಳವರೇ ಬಿಟ್ಟುಕೊಟ್ಟರೆ ಮಾತ್ರ ಬೇರೆ. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹಾಗೆ ಮುಕ್ತವಾಗಿ ಬಿಟ್ಟುಕೊಟ್ಟಿತು. ಅದರಿಂದ ಕನ್ನಡಕ್ಕೆ ಒಳ್ಳೇದಾಯಿತು.

ಫೋಟೊ ಕೂಡ ಹಾಗೇ. ಎಲ್ಲಿಂದಲೋ ಎತ್ತಿದ್ದು ಬೇಡ, ನೀವೇ ತೆಗೆದದ್ದು ಇರಲಿ. ಅದನ್ನು ವಿಕಿಮೀಡಿಯ ಕಾಮನ್ಸ್ ಎಂಬ ಕಡೆ ಹಾಕಬೇಕು. ಒಂದು ಎಚ್ಚರಿಕೆ: ಒಮ್ಮೆ ಕೊಟ್ಟ ಬರಹ, ಫೋಟೊವನ್ನು ಯಾರು ಬೇಕಾದರೂ ಬಳಸಬಹುದು, ವ್ಯಾಪಾರಕ್ಕೂ ಬಳಸಬಹುದು. ಯಾರದ್ದು ಅಂತ ಹೇಳಬೇಕು. ಮನಸ್ಸಿದ್ದರೆ ಮಾತ್ರ ಕೊಡಿ.

ಜಗಳ ಬಂದರೆ

ಇಬ್ಬರಿಗೆ ಹೊಂದದಿದ್ದರೆ ನೀನು ಅಳಿಸು, ನಾನು ಬರೀತೇನೆ ಅಂತ ಹಠಕ್ಕೆ ಬೀಳಬಾರದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ ಇಪ್ಪತ್ತನಾಲ್ಕು ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರದ್ದನ್ನು ಹಿಂದಕ್ಕೆ ತಿರುಗಿಸಿದರೆ ಬರೆಯದ ಹಾಗೆ ತಡೆ ಹಾಕಬಹುದು. ಲೇಖನದ 'ಚರ್ಚೆ' ಪುಟಕ್ಕೆ ಹೋಗಿ ಮಾತಾಡಬೇಕು. ಕೊನೆಗೆ ಅಲೆ ಗುರುತು ನಾಲ್ಕು ಸಲ ಒತ್ತಿದರೆ ನಿಮ್ಮ ಹೆಸರು, ತಾರೀಕು ತಾನೇ ಬೀಳುತ್ತೆ. ಅದೇ ಸಹಿ.

ಎಲ್ಲರಿಗೂ ಸೇರಿದ ಮಾತಿಗೆ ಕನ್ನಡ ವಿಕಿಪೀಡಿಯದಲ್ಲಿ ಒಂದು ಜಾಗ ಇದೆ. ಅದರ ಹೆಸರು 'ಅರಳಿ ಕಟ್ಟೆ'. ಹೆಸರಿಟ್ಟವರಿಗೆ ನಮ್ಮ ಊರು ಗೊತ್ತಿತ್ತು. ಕಟ್ಟೆಯ ಮರ್ಯಾದೆಯೇ ಅಲ್ಲೂ. ಎದುರಿನವನು ಒಳ್ಳೇದಕ್ಕೇ ಮಾಡಿದ್ದಾನೆ ಅಂತ ಮೊದಲು ತಿಳಿಯಬೇಕು. ಬರೆದದ್ದನ್ನು ಟೀಕಿಸಬಹುದು, ಬರೆದವನನ್ನು ಬಯ್ಯಬಾರದು. ಹೊಸಬರನ್ನು ಹೆದರಿಸಬಾರದು. ಹೊಸ ಎತ್ತನ್ನು ಮೊದಲ ದಿನವೇ ಭಾರದ ಗಾಡಿಗೆ ಹೂಡುವುದಿಲ್ಲವಲ್ಲ, ಹಾಗೆ.

ಶುರು ಮಾಡುವವರಿಗೆ

ಒಂದು ಖಾತೆ ಮಾಡಿಕೊಳ್ಳಿ. ಸ್ವಂತ ಹೆಸರೇ ಇರಬೇಕೆಂದಿಲ್ಲ. ನಿಮ್ಮ ಖಾತೆಗೆ 'ಪ್ರಯೋಗಪುಟ' ಸಿಗುತ್ತೆ, ಅಲ್ಲಿ ಬರೆದು ಕೈ ಪಳಗಿಸಿಕೊಳ್ಳಿ. ಮೊದಲು ಕಾಗುಣಿತ ತಿದ್ದುವುದು, ನಂತರ ಆಧಾರ ಇಲ್ಲದ ಸಾಲಿಗೆ ಆಧಾರ ಹುಡುಕಿ ಕೊಡುವುದು, ಆಮೇಲೆ ಒಂದೊಂದು ಪ್ಯಾರಾ. ಹೊಸ ಲೇಖನಕ್ಕೆ ಅವಸರ ಬೇಡ. ನಿಮ್ಮ ಹೊಲದ ಬದುವಿನ ಸೊಪ್ಪು, ಕಾಳು, ಹುಲ್ಲಿನ ಒಳ್ಳೆ ಫೋಟೊ ತೆಗೆದು ಸರಿಯಾದ ಹೆಸರು ಕೊಟ್ಟರೂ ದೊಡ್ಡ ಕೆಲಸವೇ. ಕಂಪ್ಯೂಟರ್ ಬೇಕೆಂದಿಲ್ಲ, ಮೊಬೈಲಿನಲ್ಲಿ ಪೆನ್ಸಿಲ್ ಗುರುತು ಒತ್ತಿದರೆ ಆಯಿತು.

ಬಿತ್ತದ ಹೊಲದಲ್ಲಿ ಕಳೆ ಬರುತ್ತದೆ. ನಮ್ಮ ಬೆಳೆಯ ಬಗ್ಗೆ ನಾವು ಬರೆಯದೆ ಬಿಟ್ಟ ಜಾಗವೂ ಖಾಲಿ ಉಳಿಯುವುದಿಲ್ಲ, ಮಾರುವವರ ಮಾತು ಬಂದು ತುಂಬಿಕೊಳ್ಳುತ್ತದೆ. ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುವ ಒಂದು ಅಕ್ಕಡಿ ಪದ್ಧತಿಯನ್ನು ಈ ಹಂಗಾಮಿನಲ್ಲಿ ಕೇಳಿ ಬರೆದು ಪತ್ರಿಕೆಗೆ ಕಳಿಸಿ. ವಿಕಿಪೀಡಿಯದ ಕೆಲಸ ಅಲ್ಲಿಂದಲೇ ಶುರು.